ಕಂಬ ಬಿದ್ದ ಮೇಲೆ ಬರುವ ಹಣ

ಒಂದು ಕಂಬಕ್ಕೆ 4,000 ರೂಪಾಯಿ. ಒಂದು ಕಿಲೋಮೀಟರ್ ತಂತಿಗೆ 50,000. ಒಂದು ಟ್ರಾನ್ಸ್‌ಫಾರ್ಮರ್‌ಗೆ 1 ಲಕ್ಷ. 2015ರಿಂದ 2020ರವರೆಗಿನ ಅವಧಿಗೆ ಕೇಂದ್ರ ಗೃಹ ಸಚಿವಾಲಯ ಹೊರಡಿಸಿದ್ದ ವಿಪತ್ತು ಪರಿಹಾರದ ದರಪಟ್ಟಿಯಲ್ಲಿ ಊರಿನ ಕರೆಂಟಿಗೆ ಸಿಕ್ಕ ಜಾಗ ಇಷ್ಟೇ. ಅದೂ 11 ಕಿಲೋವೋಲ್ಟ್‌ವರೆಗಿನ ಮಾರ್ಗಗಳಿಗೆ, ಅದೂ ತುರ್ತು ದುರಸ್ತಿಗೆ. ದರ ಸಾಕೇ ಸಾಲದೇ ಎಂಬುದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಅದರ ಹಿಂದಿರುವ ಯೋಚನೆ. ಬಿದ್ದ ಕಂಬಕ್ಕೆ ದುಡ್ಡಿತ್ತು, ಬೀಳುವಂತಿದ್ದ ಕಂಬಕ್ಕೆ ಇರಲಿಲ್ಲ. ಬಿದ್ದಲ್ಲೇ ಅಂಥದ್ದೇ ಇನ್ನೊಂದನ್ನು ನೆಟ್ಟರೆ ಲೆಕ್ಕ ಚುಕ್ತಾ. ಮುಂದಿನ ಗಾಳಿಗೆ ಅದೂ ಮಲಗಿದರೆ ಮತ್ತೆ 4,000.

ಈ ಪಟ್ಟಿ ಜಾರಿಯಲ್ಲಿದ್ದಾಗಲೇ, 2019ರ ಮೇ 3ರ ಬೆಳಿಗ್ಗೆ ಫೋನಿ ಚಂಡಮಾರುತ ಒಡಿಶಾದ ಪುರಿಯ ಬಳಿ ದಡ ಏರಿತು. ಗಂಟೆಗೆ 175 ಕಿಲೋಮೀಟರ್ ಮೀರಿದ ಗಾಳಿ. ಪುರಿ, ಖುರ್ದಾ, ಕಟಕ್, ಜಗತ್‌ಸಿಂಗ್‌ಪುರ ಜಿಲ್ಲೆಗಳಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ವಿದ್ಯುತ್ ಕಂಬಗಳು ನೆಲ ಕಚ್ಚಿದವು. ದೊಡ್ಡ ಪ್ರಸರಣ ಮಾರ್ಗಗಳ ಉಕ್ಕಿನ ಗೋಪುರಗಳೇ ಮಡಚಿ ಬಿದ್ದವು. ರಾಜಧಾನಿ ಭುವನೇಶ್ವರದಲ್ಲೇ ಎಷ್ಟೋ ಬಡಾವಣೆಗಳು ವಾರಕ್ಕೂ ಹೆಚ್ಚು ಕಾಲ ಕತ್ತಲಲ್ಲಿದ್ದವು. ಪುರಿಯ ಹಳ್ಳಿಗಳ ಪಾಡು ಅದಕ್ಕಿಂತ ದೀರ್ಘ.

ಆದರೆ ಅದೇ ಫೋನಿಯಲ್ಲಿ ಒಡಿಶಾದಲ್ಲಿ ಸತ್ತವರ ಸಂಖ್ಯೆ 64. ಇಪ್ಪತ್ತು ವರ್ಷಗಳ ಹಿಂದೆ, 1999ರ ಅಕ್ಟೋಬರ್ 29ರಂದು ಇದೇ ಕರಾವಳಿಗೆ ಬಡಿದ ಮಹಾ ಚಂಡಮಾರುತ ಸುಮಾರು 10,000 ಜನರನ್ನು ಕೊಂದಿತ್ತು. ನಡುವಿನ ಎರಡು ದಶಕಗಳಲ್ಲಿ ಒಡಿಶಾ ಕರಾವಳಿಯುದ್ದಕ್ಕೂ 800ಕ್ಕೂ ಹೆಚ್ಚು ಚಂಡಮಾರುತ ಆಶ್ರಯತಾಣಗಳನ್ನು ಕಟ್ಟಿತು, ಮುನ್ಸೂಚನೆ ಕಟ್ಟಕಡೆಯ ಮೀನುಗಾರನಿಗೂ ತಲುಪುವ ವ್ಯವಸ್ಥೆ ಮಾಡಿತು, ಊರೂರಿನಲ್ಲಿ ಸ್ವಯಂಸೇವಕರನ್ನು ತರಬೇತಿಗೊಳಿಸಿತು. ಫೋನಿ ಬರುವ ಮೊದಲೇ ಸುಮಾರು 12 ಲಕ್ಷ ಜನರನ್ನು ಮನೆಗಳಿಂದ ಎಬ್ಬಿಸಿ ಸುರಕ್ಷಿತ ಜಾಗಕ್ಕೆ ಸಾಗಿಸಿತು. ಈ ಬಡ ರಾಜ್ಯ ಮಾಡಿ ತೋರಿಸಿದ್ದನ್ನು ನೆನೆದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ. ಜೀವ ಉಳಿಸುವ ಹಣವನ್ನು ಅದು ಗಾಳಿ ಬೀಸುವ ಮೊದಲೇ ಖರ್ಚು ಮಾಡಿತ್ತು. ತಂತಿ ಉಳಿಸುವ ಹಣಕ್ಕೆ ಮಾತ್ರ ಅಂಥ ಮುಂಗಾಣ್ಕೆ ಇರಲಿಲ್ಲ.

ಬದುಕುಳಿದವರು ಮನೆಗೆ ಮರಳಿದ ಮೇಲೆ ಆದದ್ದೇನು? ಕರೆಂಟಿಲ್ಲದೆ ಪಂಪು ಓಡದು, ಪಂಪು ಓಡದೆ ನೀರಿನ ಟ್ಯಾಂಕ್ ತುಂಬದು. ಮೊಬೈಲ್ ಟವರಿನ ಬ್ಯಾಟರಿ ಕೆಲವು ಗಂಟೆ ತಾಳಿ ಸುಮ್ಮನಾಗುತ್ತದೆ. ಎಟಿಎಂ ಮುಚ್ಚಿತು, ಆಸ್ಪತ್ರೆಗಳು ಡೀಸೆಲ್ ಜನರೇಟರಿಗೆ ಜೋತುಬಿದ್ದವು. ಮೇ ತಿಂಗಳ ಬೇಗೆಯಲ್ಲಿ ಜನ ಬೀದಿಗಿಳಿದು ರಸ್ತೆ ತಡೆದರು. ಗಾಳಿ ನಾಲ್ಕೈದು ಗಂಟೆಯಲ್ಲಿ ದಾಟಿಹೋಗಿತ್ತು. ಊರನ್ನು ಆಮೇಲೂ ದಿನಗಟ್ಟಲೆ ಹಿಂಡಿದ್ದು ಬಿದ್ದ ಕಂಬಗಳು.

ಕಂಬ ಹೇಗೆ ಬೀಳುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದವರಿಗೆ ಹಣ ಎಲ್ಲಿ ಹೋಗಬೇಕೆಂಬುದೂ ಗೊತ್ತಾಗುತ್ತದೆ. ನಮ್ಮ ಹಳ್ಳಿಗಳ ಎಂಟು ಮೀಟರಿನ ಸಿಮೆಂಟ್ ಕಂಬವನ್ನು ಅದರ ಉದ್ದದ ಆರರಲ್ಲಿ ಒಂದು ಪಾಲಿನಷ್ಟಾದರೂ ಹೂಳಬೇಕೆಂಬುದು ವಾಡಿಕೆ. ಗದ್ದೆಯ ಅಂಚಿನ ಮೆತ್ತನೆ ಮಣ್ಣಿನಲ್ಲಿ ಅಷ್ಟೂ ಸಾಲದು. ಬುಡಕ್ಕೆ ಕಾಂಕ್ರೀಟ್ ಸುರಿಯದಿದ್ದರೆ ಮೊದಲ ಮಳೆಗೇ ಹಿಡಿತ ಸಡಿಲ. ಬಹಳ ಸಲ ಕಂಬವನ್ನು ಕೆಡವುವುದು ಗಾಳಿಯಲ್ಲ, ತಂತಿಯ ಮೇಲೆ ಒರಗುವ ಮರ. ಒಂದು ಕಂಬ ವಾಲಿದರೆ ತಂತಿ ಬಿಗಿದು ಪಕ್ಕದ್ದನ್ನು ಎಳೆಯುತ್ತದೆ, ಅದು ಅದರಾಚೆಯದನ್ನು. ಹಗ್ಗಕ್ಕೆ ಕಟ್ಟಿದ ದನಗಳಂತೆ ಸಾಲಿಗೆ ಸಾಲೇ ಉರುಳುತ್ತದೆ. ನಡುನಡುವೆ ಸ್ಟೇ ವೈರಿನಿಂದ ಎಲ್ಲ ದಿಕ್ಕಿಗೂ ಬಿಗಿದ ಗಟ್ಟಿ ಕಂಬವೊಂದು ಇದ್ದರೆ ಆ ಕುಸಿತ ಅಲ್ಲಿಗೇ ನಿಂತೀತು. ಬರಿಯ ತಂತಿಯ ಬದಲು ಹೊದಿಕೆಯಿರುವ ಕೇಬಲ್ ಎಳೆದರೆ ಕೊಂಬೆ ತಾಗಿದ ಮಾತ್ರಕ್ಕೆ ಫೀಡರ್, ಅಂದರೆ ಆ ಇಡೀ ಮಾರ್ಗ, ಟ್ರಿಪ್ ಆಗುವುದಿಲ್ಲ.

ಇನ್ನೊಂದು ಸಂಗತಿ ಕಣ್ಣಿಗೆ ಕಾಣುವಂಥದ್ದಲ್ಲ, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು. ನಮ್ಮ ಗ್ರಾಮೀಣ ಮಾರ್ಗಗಳು ಬಹುತೇಕ ಮರದ ಕೊಂಬೆಗಳಿದ್ದಂತೆ: ಬುಡದಿಂದ ತುದಿಗೆ ಒಂದೇ ದಾರಿ. ಬುಡದಲ್ಲಿ ತುಂಡಾದರೆ ತುದಿಯ ಅಷ್ಟೂ ಊರುಗಳಿಗೆ ಕತ್ತಲೆ. ಎರಡು ಕೊಂಬೆಗಳ ತುದಿಗಳನ್ನು ಒಂದು ತುಂಡು ತಂತಿಯಿಂದ ಸೇರಿಸಿ, ನಡುವೆ ಸ್ವಿಚ್ ಇಟ್ಟರೆ ಒಂದು ಕಡೆ ಕಡಿದಾಗ ಇನ್ನೊಂದು ಕಡೆಯಿಂದ ಕರೆಂಟು ಹರಿಸಬಹುದು. ನಗರಗಳಲ್ಲಿ ಇದು ಹಳೆಯ ಸಂಗತಿ. ಹಳ್ಳಿಗೆ ಬಂದಾಗ ಅದು ದುಂದುವೆಚ್ಚ ಎನಿಸಿಕೊಳ್ಳುತ್ತದೆ, ಏಕೆಂದರೆ ಮಾಮೂಲು ದಿನಗಳಲ್ಲಿ ಆ ತುಂಡು ತಂತಿ ಒಂದು ಯೂನಿಟ್ಟನ್ನೂ ಮಾರುವುದಿಲ್ಲ.

ಮುಂಚಿತವಾಗಿ ಖರ್ಚು ಮಾಡಲು ನಮ್ಮಲ್ಲಿ ಕಾನೂನೇ ಇರಲಿಲ್ಲ ಎನ್ನುವಂತಿಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಪರಿಹಾರದ ನಿಧಿಯ ಜೊತೆಗೇ ಉಪಶಮನ ನಿಧಿಯನ್ನೂ ಹೇಳಿತ್ತು. ಅಂದರೆ ಅನಾಹುತದ ಪೆಟ್ಟನ್ನು ಮೊದಲೇ ತಗ್ಗಿಸುವ ಹಣ. ಪರಿಹಾರದ ನಿಧಿ ನಡೆಯುತ್ತಾ ಬಂತು. ಉಪಶಮನ ನಿಧಿ ರಾಷ್ಟ್ರಮಟ್ಟದಲ್ಲಿ ರೂಪು ತಳೆದದ್ದು 2021ರಲ್ಲಿ, 15ನೇ ಹಣಕಾಸು ಆಯೋಗ ಅದಕ್ಕೆಂದೇ ಪಾಲು ಕತ್ತರಿಸಿಟ್ಟ ಮೇಲೆ. ಆಯೋಗ ರಾಜ್ಯಗಳ ವಿಪತ್ತು ಹಣದಲ್ಲಿ ನೂರಕ್ಕೆ 20ನ್ನು ಉಪಶಮನಕ್ಕೆ ಮೀಸಲಿಟ್ಟಿತು: 2021ರಿಂದ 2026ರವರೆಗಿನ ಐದು ವರ್ಷಕ್ಕೆ, ಎಲ್ಲ ರಾಜ್ಯಗಳಿಗೂ ಸೇರಿ, ಸುಮಾರು 32,000 ಕೋಟಿ. ಹದಿನೈದು ವರ್ಷ ತಡವಾದರೂ ಇದು ದೊಡ್ಡ ತಿರುವು. ಆದರೆ ಆ ಬುಟ್ಟಿಗೆ ಕೈಚಾಚುವವರು ಅನೇಕರು. ಕುಸಿಯುವ ಗುಡ್ಡ, ಕೊಚ್ಚಿಹೋಗುವ ದಂಡೆ, ಸಿಡಿಲು, ಬರ, ಎಲ್ಲವೂ ಅಲ್ಲಿ ಸಾಲು ನಿಂತಿವೆ. ವಿದ್ಯುತ್ ಕಂಬ ಆ ಸಾಲಿನಲ್ಲಿ ಎಷ್ಟನೆಯದು?

ಕಂಬ ತಂತಿಗೆ ನಿಜವಾಗಿ ದೊಡ್ಡ ಹಣವಿರುವುದು ಬೇರೆ ಕಡೆ. 2021ರಲ್ಲೇ ಕೇಂದ್ರ ಒಪ್ಪಿದ ಪರಿಷ್ಕೃತ ವಿತರಣಾ ವಲಯ ಯೋಜನೆಯ ಗಾತ್ರ 3 ಲಕ್ಷ ಕೋಟಿಗೂ ಮೇಲೆ. ಅದರಲ್ಲಿ ಕೇಂದ್ರದ ನೆರವೇ ಸುಮಾರು 97,600 ಕೋಟಿ. ಅದರ ಗುರಿ ಸೋರಿಕೆ ತಗ್ಗಿಸುವುದು, ಸ್ಮಾರ್ಟ್ ಮೀಟರ್ ಹಾಕುವುದು, ಕಂಪನಿಗಳ ಲೆಕ್ಕ ನೆಟ್ಟಗೆ ಮಾಡುವುದು. ಬೇಡವೆನ್ನುವ ಕೆಲಸವಲ್ಲ. ಕಳ್ಳತನ ತಡೆಯಲೆಂದು ಎಳೆದ ಹೊದಿಕೆಯ ಕೇಬಲ್ ಕೊಂಬೆ ಬಿದ್ದಾಗಲೂ ತಾಳುತ್ತದೆ, ಆ ಲಾಭ ತಾನಾಗಿ ಬಂದದ್ದು. ಆದರೆ ಸೋರಿಕೆಯನ್ನೇ ಅಳತೆಗೋಲು ಮಾಡಿಕೊಂಡರೆ ಕಾಡಿನ ನಡುವೆ ಆರು ಕಿಲೋಮೀಟರ್ ಹಾದು ಮೂವತ್ತು ಮನೆಗೆ ಹೋಗುವ ಮಾರ್ಗ ಯಾವ ಪಟ್ಟಿಯ ತಲೆಗೂ ಬರುವುದಿಲ್ಲ. ಅಲ್ಲಿ ಕದಿಯುವವರಿಲ್ಲ, ಮಾರುವಷ್ಟೂ ಇಲ್ಲ. ಮಳೆಗಾಲದಲ್ಲಿ ಮೊದಲು ಬೀಳುವುದು ಮಾತ್ರ ಅದೇ.

ನೆಲದಡಿಗೆ ಹೋದರೆ ಗಾಳಿಯ ಭಯವೇ ಇಲ್ಲವಲ್ಲ ಎಂದು ಕೇಳುವವರಿದ್ದಾರೆ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣವನ್ನು ನುಚ್ಚುನೂರು ಮಾಡಿದ ಮೇಲೆ ವಿಶ್ವಬ್ಯಾಂಕಿನ ಸಾಲದ ಹಣದಲ್ಲಿ ಆ ನಗರದ ತಂತಿಗಳನ್ನು ನೆಲದಡಿಗೆ ಇಳಿಸುವ ಕೆಲಸ ಕೈಗೊಂಡರು. ದಟ್ಟವಾದ ಕರಾವಳಿ ನಗರಕ್ಕೆ ಅದು ಸರಿ. ಚದುರಿದ ಹಳ್ಳಿಗಳಿಗೆ ಅದು ಹಲವು ಪಟ್ಟು ದುಬಾರಿ. ನೆರೆ ನಿಂತ ನೆಲದಲ್ಲಿ ದೋಷ ಹುಡುಕುವುದೂ ಪ್ರಯಾಸ.

ಹಣ ಸಾಕಷ್ಟಿದ್ದೂ ಕತ್ತಲೆ ನೀಗದ ಕಥೆಯೊಂದು ಕೆರಿಬಿಯನ್ ಕಡಲಿನಲ್ಲಿದೆ. 2017ರ ಸೆಪ್ಟೆಂಬರ್ 20ರಂದು ಮರಿಯಾ ಚಂಡಮಾರುತ ಅಮೆರಿಕದ ಆಡಳಿತದಲ್ಲಿರುವ ಪೋರ್ಟೊರಿಕೊ ದ್ವೀಪದ ಇಡೀ ವಿದ್ಯುತ್ ಜಾಲವನ್ನು ಕೆಡವಿತು. ಕೊನೆಯ ಮನೆಗಳಿಗೆ ದೀಪ ಮರಳಲು ಸುಮಾರು ಹನ್ನೊಂದು ತಿಂಗಳು ಬೇಕಾಯಿತು. ಅಮೆರಿಕದ ವಿಪತ್ತು ಕಾನೂನೂ ನಮ್ಮ 4,000 ರೂಪಾಯಿಯ ನಿಯಮದಂತೆಯೇ ಮೊದಲಿದ್ದ ಸ್ಥಿತಿಗೆ ತರುವ ಖರ್ಚಿನ ಲೆಕ್ಕದಲ್ಲೇ ನಡೆಯುತ್ತಿತ್ತು. ಆದರೆ ಆ ಮೊದಲ ಸ್ಥಿತಿಯೇ ಶೋಚನೀಯವಾಗಿತ್ತು. ದ್ವೀಪದ ವಿದ್ಯುತ್ ಸಂಸ್ಥೆ ಸುಮಾರು 900 ಕೋಟಿ ಡಾಲರ್ ಸಾಲದಲ್ಲಿ ಮುಳುಗಿ, ಗಾಳಿ ಬರುವ ಎರಡು ತಿಂಗಳ ಹಿಂದಷ್ಟೇ ದಿವಾಳಿ ಅರ್ಜಿ ಹಾಕಿತ್ತು. ಕೊಳೆತದ್ದನ್ನು ಕೊಳೆತಂತೆಯೇ ಮರಳಿ ಕಟ್ಟಬೇಕೇ? 2018ರ ಫೆಬ್ರುವರಿಯಲ್ಲಿ ಅಮೆರಿಕದ ಸಂಸತ್ತು ಅಲ್ಲಿನ ಅತ್ಯಗತ್ಯ ಸೇವೆಗಳ ಮಟ್ಟಿಗೆ ನಿಯಮ ಬದಲಿಸಿತು. ಹಳೆಯ ಸ್ಥಿತಿ ಏನೇ ಇರಲಿ, ಇಂದಿನ ಗುಣಮಟ್ಟಕ್ಕೆ ಕಟ್ಟಬಹುದು ಎಂದಿತು. 2020ರ ಸೆಪ್ಟೆಂಬರ್‌ನಲ್ಲಿ ವಿದ್ಯುತ್ ಜಾಲಕ್ಕೆಂದೇ 900 ಕೋಟಿ ಡಾಲರಿಗೂ ಮಿಕ್ಕಿದ ಮೊತ್ತ ಘೋಷಣೆಯಾಯಿತು.

ಕಾಗದದ ಮೇಲೆ ಇದಕ್ಕಿಂತ ಒಳ್ಳೆಯದೇನು ಬೇಕು? ಆದರೂ 2022ರ ಸೆಪ್ಟೆಂಬರ್ 18ರಂದು ಮರಿಯಾಗಿಂತ ಎಷ್ಟೋ ಸಣ್ಣದಾದ ಫಿಯೋನಾ ಬಂದಾಗ ದ್ವೀಪವಿಡೀ ಮತ್ತೆ ಕತ್ತಲಾಯಿತು. ವಿನ್ಯಾಸ, ಅಂದಾಜು, ಒಪ್ಪಿಗೆ, ಮರು ಒಪ್ಪಿಗೆಗಳ ನಡುವೆ ಹಣದ ಬಹುಪಾಲು ಇನ್ನೂ ಕಂಬವಾಗಿರಲಿಲ್ಲ. ಅದೇ ದ್ವೀಪದ ಬೆಟ್ಟದ ಪಟ್ಟಣ ಅಡ್ಜುಂಟಾಸ್‌ನಲ್ಲಿ ‘ಕಾಸಾ ಪ್ವೆಬ್ಲೊ’ ಎಂಬ ಸಮುದಾಯ ಸಂಸ್ಥೆಯ ಮನೆಯಲ್ಲಿ ಮಾತ್ರ ದೀಪವಿತ್ತು. ಗಣಿಗಾರಿಕೆ ವಿರೋಧಿಸಿ 1980ರಲ್ಲಿ ಹುಟ್ಟಿದ ಈ ಸಂಸ್ಥೆ 1999ರಲ್ಲೇ ಸೌರಫಲಕ ಹಾಕಿಕೊಂಡಿತ್ತು. ಮರಿಯಾ ಬಂದಾಗ ಊರವರು ಫೋನ್ ಚಾರ್ಜಿಗೆ, ಉಸಿರಾಟದ ಯಂತ್ರ ನಡೆಸಲು ಅಲ್ಲಿಗೆ ಬಂದರು. 2023ರಲ್ಲಿ ಪಟ್ಟಣದ ಚೌಕದ ಹನ್ನೆರಡಕ್ಕೂ ಹೆಚ್ಚು ಅಂಗಡಿಗಳನ್ನು ಜೋಡಿಸಿ, ಜಾಲ ಬಿದ್ದರೂ ತಾನೇ ನಿಲ್ಲುವ ಸಣ್ಣ ಸೌರ ಗ್ರಿಡ್ ಕಟ್ಟಿದರು. ಅದರ ಹಿಂದಿದ್ದದ್ದು ಮುಖ್ಯವಾಗಿ ದತ್ತಿ ಹಣ ಮತ್ತು ಊರವರ ಹಟ.

ಅಮೆರಿಕದ 2021ರ ಮೂಲಸೌಕರ್ಯ ಕಾಯ್ದೆಯಲ್ಲಿ ಈ ಪಾಠದ ಒಂದಿಷ್ಟು ಅಂಶ ಇದೆ. ಜಾಲವನ್ನು ಗಟ್ಟಿಗೊಳಿಸಲು ಪ್ರತಿ ವರ್ಷ 45.9 ಕೋಟಿ ಡಾಲರಿನಂತೆ ಐದು ವರ್ಷ ರಾಜ್ಯಗಳಿಗೂ ಬುಡಕಟ್ಟು ಆಡಳಿತಗಳಿಗೂ ಸೂತ್ರದ ಪ್ರಕಾರ ಹಂಚಬೇಕೆಂದು ಅದು ಹೇಳಿತು. ಅದರಲ್ಲಿ ಸಣ್ಣ ವಿದ್ಯುತ್ ಸಂಸ್ಥೆಗಳಿಗೆ ಪಾಲು ಬಿಡಲೇಬೇಕು. ದೊಡ್ಡ ಕಂಪನಿ ಪಡೆದ ಹಣಕ್ಕೆ ಸಮನಾಗಿ ತನ್ನದನ್ನೂ ಹಾಕಬೇಕು. ಸಣ್ಣದು ಮೂರನೇ ಒಂದು ಪಾಲು ಹಾಕಿದರೆ ಸಾಕು. ಈ ಒಂದು ನಿಯಮ ನನಗೆ ಬಹಳ ಹಿಡಿಸಿತು. ಶಕ್ತಿವಂತರು ಮೊದಲೇ ಬಂದು ಬುಟ್ಟಿ ಖಾಲಿ ಮಾಡದಂತೆ, ಬಾಲದ ತುದಿಯವರಿಗೆ ಎಂದು ಕಾನೂನಿನಲ್ಲೇ ಬರೆದಿಟ್ಟ ಹಣ ಅದು. ನಮ್ಮ ಉಪಶಮನ ನಿಧಿಯಲ್ಲಿ ಅಂಥ ಒಂದು ಸಾಲು ಬೇಕು: ಇಷ್ಟು ಪಾಲು 11 ಕಿಲೋವೋಲ್ಟ್ ಮಾರ್ಗಗಳಿಗೆ, ಅದರಲ್ಲೂ ಮೊದಲು ಕಡಿದು ಕೊನೆಗೆ ಜೋಡಣೆಯಾಗುವ ಮಾರ್ಗಗಳಿಗೆ.

ಈ ಮಾತು ಕರ್ನಾಟಕಕ್ಕೆ ದೂರದ್ದಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿದಾಗ, ಮರುವರ್ಷ ಕೃಷ್ಣಾ, ಘಟಪ್ರಭಾ, ಮಲಪ್ರಭಾ ತೀರಗಳು ಮುಳುಗಿದಾಗ, 2021ರ ಮೇನಲ್ಲಿ ತೌಕ್ತೆ ಕರಾವಳಿಯನ್ನು ಸವರಿಹೋದಾಗ ಕಂಬಗಳು ಸಾಲಾಗಿ ಬಿದ್ದದ್ದನ್ನು ನಾವೆಲ್ಲ ಕಂಡಿದ್ದೇವೆ. ಮಲೆನಾಡಿನವರಿಗೆ ಚಂಡಮಾರುತವೇ ಬೇಕಿಲ್ಲ, ಆರಿದ್ರಾ ಮಳೆಯ ಗಾಳಿ ಸಾಕು.

ನಮ್ಮೂರಿನ ಮಾರ್ಗ ಅಕೇಶಿಯಾ ನೆಡುತೋಪಿನ ನಡುವೆ ಹಾದು, ಹಳ್ಳ ದಾಟಿ ಬರುತ್ತದೆ. ಒಂದು ಮಳೆಗಾಲ ಹನ್ನೊಂದು ದಿನ ಕರೆಂಟಿರಲಿಲ್ಲ. ಹನ್ನೆರಡನೆಯ ದಿನ ಸಂಜೆ ನೆಂದು ತೊಪ್ಪೆಯಾದ ಲೈನ್‌ಮನ್ ನಮ್ಮ ಜಗಲಿಯಲ್ಲಿ ಕೂತು ಕಷಾಯ ಕುಡಿದರು. ಬಿದ್ದ ಹದಿನಾಲ್ಕು ಕಂಬಗಳನ್ನು ನಾಲ್ಕು ಜನ ಹೆಗಲ ಮೇಲೆ ಹೊತ್ತು ಆ ಕೆಸರಿನಲ್ಲಿ ಮತ್ತೆ ಅಲ್ಲಲ್ಲೇ ನಿಲ್ಲಿಸಿದ್ದರು. ಲೋಟ ಕೆಳಗಿಟ್ಟು ಅವರು ತೋಟದಾಚೆಯ ದಿಬ್ಬದತ್ತ ಕೈ ತೋರಿಸಿದರು. ಅತ್ತ ಕಡೆಯ ಊರಿಗೆ ಬೇರೆ ಫೀಡರು, ಹನ್ನೊಂದು ದಿನವೂ ಅಲ್ಲಿ ದೀಪವಿತ್ತು. ಅದರ ಕೊನೆಯ ಕಂಬಕ್ಕೂ ನಮ್ಮ ಕೊನೆಯ ಕಂಬಕ್ಕೂ ನಡುವೆ ಎಷ್ಟು ದೂರ ಎಂದು ಕೇಳಿದೆ. ಅವರು ಮನಸ್ಸಿನಲ್ಲೇ ಎಣಿಸಿ ಹೇಳಿದರು: “ಹನ್ನೆರಡು ಕಂಬ, ಒಂದು ಸ್ವಿಚ್ಚು. ಎಸ್ಟಿಮೇಟ್ ಬರೆದುಕೊಟ್ಟಿದ್ದೆ. ಯಾವ ಹೆಡ್ಡಿಗೆ ಹಾಕಬೇಕು ಅಂತ ಗೊತ್ತಾಗಲಿಲ್ಲವಂತೆ.”