ಹತ್ತಿ ಬಂತು, ತೊಗರಿ ಎಲ್ಲಿ ಹೋಯ್ತು?

ಯಾದಗಿರಿ ಜಿಲ್ಲೆಯ ಬೆಳೆ ದರ ತೋರಿಸೋ ಒಂದು ಪುಟ ಅಂದ್ಕೊಳ್ರಿ. ಶಹಾಪುರದ ರೈತರೊಬ್ಬರು ‘ಹತ್ತಿ & ತೊಗರಿ’ ಅಂತ ಟೈಪ್ ಮಾಡ್ತಾರ. ಸರ್ವರ್‌ಗೆ ಹತ್ತಿ ಅಷ್ಟೇ ಮುಟ್ತದ. ಎರರ್ ಇಲ್ಲ, ಕನ್ಸೋಲ್ ಸ್ವಚ್ಛ!

ಕೋಡ್ ನೋಡ್ರಿ. ಟೈಪ್ ಮಾಡಿದ್ದನ್ನ ಹಂಗೇ ತಂದು ಯುಆರ್‌ಎಲ್‌ಗೆ ಅಂಟಿಸ್ಯಾರ. ಯುಆರ್‌ಎಲ್‌ನಾಗ ‘&’ ಬಂತಂದ್ರ ಮುಂದಿನ ಪ್ಯಾರಾಮೀಟರ್ ಶುರು. ಹಿಂಗಾಗಿ ತೊಗರಿ ಬ್ಯಾರೆ ಪ್ಯಾರಾಮೀಟರ್ ಆಗಿ, ಕೇಳೋರಿಲ್ಲದಂಗ ಬಿದ್ದಿರ್ತದ. ‘+91’ ಕಳಿಸಿದ್ರ ಪ್ಲಸ್ ಹೋಗಿ ಖಾಲಿ ಜಾಗ ಬರ್ತದ. ‘#’ ಇದ್ರಂತೂ ಅದರ ಮುಂದಿಂದು ಬ್ರೌಸರ್ ದಾಟೋದೇ ಇಲ್ಲ.

‘ಕನ್ನಡ ಬರೆದ್ರ ಹಿಂಗೇ ಆಗ್ತದ’ ಅಂತಾರ ಕೆಲವರು. ಸುಳ್ಳು. ‘ಸುರಪುರ’ ಅನ್ನೋ ಊರಿನ ಹೆಸರು ಯುಟಿಎಫ್-8ನಾಗ 18 ಬೈಟ್, ಯುಆರ್‌ಎಲ್‌ನಾಗ 54 ಅಕ್ಷರ. ಉದ್ದ ಖರೆ, ಆದ್ರ ಸರಿಯಾಗೇ ಮುಟ್ತದ.

ಎಫ್12 ಒತ್ರಿ, ನೆಟ್‌ವರ್ಕ್ ಟ್ಯಾಬ್, ಪೇಲೋಡ್. ಅಲ್ಲಿ ‘ತೊಗರಿ’ ಅಂತ ಬ್ಯಾರೆ ಸಾಲು, ಮುಂದ ಏನೂ ಇಲ್ಲ. ಕಳ್ಳ ಸಿಕ್ಕ! ಕೈಯಿಂದ ಅಂಟಿಸೋದು ಬಿಡ್ರಿ, ಜಾವಾಸ್ಕ್ರಿಪ್ಟ್‌ನ ಯುಆರ್‌ಎಲ್‌ಸರ್ಚ್‌ಪ್ಯಾರಮ್ಸ್‌ಗೆ ಕೊಡ್ರಿ. ‘&’ ಇದ್ದದ್ದನ್ನ ‘%26’ ಮಾಡಿ ಕಳಿಸ್ತದ.

ಹಾಂ, ಹಿಂಗ ಸದ್ದಿಲ್ದ ಮಾಯ ಆಗೋದು ಇನ್ನೊಂದದ. ಸುರಪುರದ ಎಸ್‌ಟಿಡಿ ಕೋಡ್ 08443. ನಂಬರ್ ಫಂಕ್ಷನ್‌ಗೆ ಕೊಟ್ರ ಮೊದಲ ಸೊನ್ನೆ ಮಾಯ. ಫೋನ್ ನಂಬರ್ ಸ್ಟ್ರಿಂಗ್ ಆಗೇ ಇರ್ಲಿ, ಅದನ್ನೇನು ಕೂಡಿಸಿ ಕಳೀಬೇಕಾಗಿಲ್ಲಲ್ಲ.