ಹಳೆಯ ಕಿರುನೌಕೆಯೂ ಹೊಸ ಬೃಹನ್ನೌಕೆಯೂ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಮಿತಿಯವರು ಮನೆಗೆ ಬಂದು ಕೇಳಿದಾಗ, ಶಾಲೆಯ ಇತಿಹಾಸವನ್ನು ಬರೆಯಲು ನನಗಿಂತ ಸಮರ್ಥರಿದ್ದಾರೆ, ನಾನು ಬೇರೇನಾದರೂ ಬರೆಯುತ್ತೇನೆ ಎಂದು ತಿಳಿಸಿದ್ದೆ. ಆ ‘ಬೇರೇನಾದರೂ’ ಯಾವುದೆಂದು ನಿಶ್ಚಯಿಸಿದವನು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬ.

ಕಾಸರಗೋಡಿನ ಕರಾವಳಿಯಲ್ಲಿ ಹಡಗಿನ ನೌಕರಿಗೆ ಹೋದವನು ಒಬ್ಬನಾದರೂ ಇಲ್ಲದ ಊರು ವಿರಳ. ನಮ್ಮ ಶಾಲೆಯಲ್ಲಿ ಕಲಿತವರಲ್ಲಿಯೂ ಹಲವರು ಸಮುದ್ರದ ಅನ್ನವನ್ನು ಉಣ್ಣುತ್ತಿದ್ದಾರೆ. ಈತ ವಿಹಾರ ನೌಕೆಯೊಂದರ ಅಡುಗೆಮನೆಯಲ್ಲಿ ಹದಿನೇಳು ವರ್ಷ ದುಡಿದವನು. 2020ರ ಕೋವಿಡ್ ಕಾಲದಲ್ಲಿ ಅವನಿದ್ದ ಹಳೆಯ ಹಡಗು ಗುಜರಿಗೆ ಹೋಯಿತು. ಒಂದೂವರೆ ವರ್ಷ ಮನೆಯಲ್ಲಿ ಕುಳಿತು, ಬಳಿಕ ಅಲ್ಪಾವಧಿಯ ಕೆಲಸಗಳಲ್ಲಿ ದಿನ ತಳ್ಳಿದ್ದನು. ಕಳೆದ ರಜೆಯಲ್ಲಿ ಬಂದಾಗ ಅವನ ಕೈಯಲ್ಲಿ ಎರಡು ಕರೆಗಳಿದ್ದವು. ಒಂದು ಮೂವತ್ತು ವರ್ಷ ದಾಟಿದ ಸಣ್ಣ ಹಡಗಿನದು, ಇನ್ನೊಂದು ಹೊಚ್ಚ ಹೊಸ ಬೃಹನ್ನೌಕೆಯದು. “ಮಾಷ್ಟ್ರೇ, ಸಣ್ಣ ಹಡಗಿನಲ್ಲಿ ಎಲ್ಲರೂ ಗುರುತಿನವರು, ಕೆಲಸ ನೆಮ್ಮದಿಯದು. ಆದರೆ ಇನ್ನೊಮ್ಮೆ ಹಡಗು ಗುಜರಿಗೆ ಹೋದರೆ ನಾನು ಏನು ಮಾಡಲಿ? ಇಂಥ ಹಳೆಯ ಹಡಗುಗಳು ಈ ದೊಡ್ಡವುಗಳ ಎದುರು ಬದುಕಿಯಾವೇ?” ಎಂದು ಕೇಳಿದ. ಮನೆಯ ಸಾಲ ತೀರಲು ಇನ್ನೂ ಆರು ವರ್ಷ ಬಾಕಿ ಇದೆಯೆಂದೂ ಮಗಳು ಒಂಬತ್ತನೆಯ ತರಗತಿಯಲ್ಲಿರುವಳೆಂದೂ ಹೇಳಿದ.

ಭೂಗೋಳ ಪಾಠ ಮಾಡಿದವನೇ ಹೊರತು ನಾನು ಹಡಗು ಹತ್ತಿದವನಲ್ಲ. ಎರಡು ವಾರ ಸಮಯ ಕೊಡು ಎಂದೆ. ಆ ಎರಡು ವಾರಗಳಲ್ಲಿ ಓದಿ ತಿಳಿದುದನ್ನು ಇಲ್ಲಿ ಯಥಾಮತಿ ನಿವೇದಿಸುತ್ತೇನೆ.

ಹಡಗಿನ ಗಾತ್ರ

ಮೊದಲು ಒಂದು ಅಳತೆಯನ್ನು ತಿಳಿಯಬೇಕು. ವಿಹಾರ ನೌಕೆ ಇಷ್ಟು ಸಾವಿರ ಟನ್ನಿನದು ಎಂದಾಗ ಅದು ಹಡಗಿನ ತೂಕವಲ್ಲ. ‘ಗ್ರಾಸ್ ಟನ್’ ಎಂಬುದು ಹಡಗಿನ ಒಳಗೆ ಇರುವ ಅವಕಾಶದ, ಅಂದರೆ ಘನಫಲದ ಅಳತೆ. 1912ರಲ್ಲಿ ಮುಳುಗಿದ ಟೈಟಾನಿಕ್ ಸುಮಾರು 46 ಸಾವಿರ ಟನ್ನಿನದಾಗಿತ್ತು. 1988ರಲ್ಲಿ ‘ಸಾವರಿನ್ ಆಫ್ ದಿ ಸೀಸ್’ ಎಂಬ 73 ಸಾವಿರ ಟನ್ನಿನ ನೌಕೆ ಯಾನ ಆರಂಭಿಸಿದಾಗ, ವಿಹಾರಕ್ಕೆಂದೇ ಕಟ್ಟಿದ ಹಡಗುಗಳಲ್ಲಿ ಅದಕ್ಕಿಂತ ದೊಡ್ಡದು ಇರಲಿಲ್ಲ. 2024ರ ಜನವರಿಯಲ್ಲಿ ಯಾನ ಆರಂಭಿಸಿದ ‘ಐಕನ್ ಆಫ್ ದಿ ಸೀಸ್’ ನೌಕೆಯದು 2,48,663 ಟನ್. ಟೈಟಾನಿಕ್ಕಿನ ಐದು ಪಟ್ಟಿಗೂ ಮಿಗಿಲು. ಫಿನ್ಲೆಂಡಿನ ತುರ್ಕು ಪಟ್ಟಣದಲ್ಲಿ ಕಟ್ಟಿದ ಈ ಹಡಗಿನ ಉದ್ದ 365 ಮೀಟರ್, ಅಂತಸ್ತುಗಳು ಇಪ್ಪತ್ತು. ಕೋಣೆಗೆ ಇಬ್ಬರಂತೆ 5,610 ಪ್ರಯಾಣಿಕರು, 2,350 ಸಿಬ್ಬಂದಿ. ಒಂದು ಪೇಟೆಯೇ ನೀರಿನ ಮೇಲೆ ಹೊರಟಂತೆ. 1988ರಲ್ಲಿ ಬೃಹನ್ನೌಕೆ ಎನಿಸಿದ್ದ ‘ಸಾವರಿನ್’ 2020ರಲ್ಲಿ ತುರ್ಕಿಯ ಅಲಿಯಾಗಾ ತೀರದಲ್ಲಿ ಗುಜರಿಯಾಯಿತು.

ದೊಡ್ಡದಕ್ಕೆ ಅನುಕೂಲವೆಲ್ಲಿ?

ಎಂಟನೆಯ ತರಗತಿಯಲ್ಲಿ ನಾವು ಕಲಿಸುವ ಲೆಕ್ಕವೇ ಇಲ್ಲಿ ಸಾಕು. ಒಂದು ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಇಮ್ಮಡಿಸಿದರೆ ಅದರ ಮೇಲ್ಮೈ ನಾಲ್ಕು ಪಟ್ಟಾಗುತ್ತದೆ, ಘನಫಲವಾದರೋ ಎಂಟು ಪಟ್ಟಾಗುತ್ತದೆ. ನೀರು ಹಡಗನ್ನು ತಡೆಯುವುದು ಬಹುಮಟ್ಟಿಗೆ ಅದಕ್ಕೆ ತಾಗುವ ಮೇಲ್ಮೈಯಿಂದ; ಪ್ರಯಾಣಿಕರು ಇರುವುದು ಘನಫಲದಲ್ಲಿ. ಹೀಗಾಗಿ ಹಡಗು ಬೆಳೆದಂತೆಲ್ಲ ತಲೆಗೊಂದಕ್ಕೆ ತಗಲುವ ಇಂಧನ ಇಳಿಯುತ್ತದೆ. ಸಾವಿರ ಜನರ ಹಡಗಿಗೂ ಕಪ್ತಾನ ಒಬ್ಬನೇ, ಐದು ಸಾವಿರ ಜನರದಕ್ಕೂ ಒಬ್ಬನೇ.

ಆದರೆ ಸಿಬ್ಬಂದಿಯಲ್ಲಿಯೂ ಹೀಗೆಯೇ ಉಳಿತಾಯವಾಗುವುದೆಂದು ನಾನು ಊಹಿಸಿದ್ದುದು ತಪ್ಪಾಯಿತು. ‘ಐಕನ್’ನಲ್ಲಿ ಹೆಚ್ಚು ಕಡಿಮೆ ಇಬ್ಬರೂವರೆ ಪ್ರಯಾಣಿಕರಿಗೆ ಒಬ್ಬ ನೌಕರ. ಮುಂದೆ ಹೇಳಲಿರುವ ‘ಬ್ರೇಮಾರ್’ ಎಂಬ ಸಣ್ಣ ಹಡಗಿನಲ್ಲಿಯೂ ಅದೇ ಪ್ರಮಾಣವಿತ್ತು. ಹಾಸಿಗೆ ಮಡಚುವುದಕ್ಕೂ ಊಟ ಬಡಿಸುವುದಕ್ಕೂ ಕೈಗಳು ಬೇಕೇ ಬೇಕು.

ದೊಡ್ಡ ಹಡಗಿನ ನಿಜವಾದ ಲಾಭ ಟಿಕೇಟಿನಾಚೆ ಇದೆ. ಅಂಗಡಿ, ಪಾನಗೃಹ, ಜೂಜುಕಟ್ಟೆ, ನೀರಾಟ, ವಿಶೇಷ ಭೋಜನಶಾಲೆ ಇವೆಲ್ಲಕ್ಕೂ ಪ್ರಯಾಣಿಕ ಪ್ರತ್ಯೇಕ ಹಣ ತೆರುತ್ತಾನೆ. ಅವಕ್ಕೆಲ್ಲ ಸ್ಥಳ ಬೇಕು. ಸಮುದ್ರದತ್ತ ತೆರೆಯುವ ಖಾಸಗಿ ಜಗಲಿಯುಳ್ಳ ಕೋಣೆಗೆ ಬಾಡಿಗೆ ಹೆಚ್ಚು. ಹಳೆಯ ಹಡಗುಗಳಲ್ಲಿ ಬಹುಪಾಲು ಇರುವುದು ದುಂಡನೆಯ ಗಾಜಿನ ಕಿಂಡಿ ಮಾತ್ರ. ಅದನ್ನು ಒಡೆದು ಜಗಲಿ ಮಾಡುವುದು ಸುಲಭಸಾಧ್ಯವಲ್ಲ. ಆದುದರಿಂದ ಒಂದೇ ಬಂದರಿನಿಂದ, ಒಂದೇ ದಾರಿಯಲ್ಲಿ, ಒಂದೇ ಬಗೆಯ ಗಿರಾಕಿಗಾಗಿ ಸೆಣಸಿದರೆ ಹಳೆಯ ಕಿರುನೌಕೆ ಸೋಲುವುದು ಖಂಡಿತ.

ವಯಸ್ಸು ತರುವ ತೊಡಕುಗಳು

ಹಡಗಿಗೆ ಮುಪ್ಪು ಬರುವುದು ತುಕ್ಕಿನಿಂದ ಮಾತ್ರವಲ್ಲ, ಕಾನೂನಿನಿಂದಲೂ ಬರುತ್ತದೆ. ಟೈಟಾನಿಕ್ ದುರಂತದ ತರುವಾಯ 1914ರಲ್ಲಿ ‘ಸೋಲಾಸ್’ ಎಂಬ ಅಂತಾರಾಷ್ಟ್ರೀಯ ಸುರಕ್ಷಾ ಒಡಂಬಡಿಕೆ ಹುಟ್ಟಿತು. ಅದರ ತಿದ್ದುಪಡಿಯಂತೆ 2010ರ ಅಕ್ಟೋಬರ್ 1ರಿಂದ ಬೆಂಕಿ ಹತ್ತುವ ಸಾಮಗ್ರಿಯಿಂದ ರಚಿಸಿದ ಪ್ರಯಾಣಿಕ ಹಡಗುಗಳು ಅಂತಾರಾಷ್ಟ್ರೀಯ ಯಾನ ಮಾಡುವಂತಿರಲಿಲ್ಲ. ಮರದ ಕೆತ್ತನೆಯ ಒಳಾಂಗಣಗಳಿಗೆ ಹೆಸರಾಗಿದ್ದ ಹಲವು ಸುಂದರ ಹಡಗುಗಳು ಅಂದೇ ನಿವೃತ್ತಿಯಾದವು. 2020ರ ಜನವರಿ 1ರಿಂದ ಹಡಗಿನ ಇಂಧನದಲ್ಲಿ ಗಂಧಕದ ಅಂಶ ಶೇಕಡಾ 3.5ರಿಂದ 0.5ಕ್ಕೆ ಇಳಿಯಬೇಕಾಯಿತು. ಶುದ್ಧ ಇಂಧನ ತುಟ್ಟಿ. ಹೊಗೆಯನ್ನು ತೊಳೆಯುವ ಯಂತ್ರ ಕೂಡಿಸುವುದೂ ತುಟ್ಟಿ. ಹೊಸ ‘ಐಕನ್’ ದ್ರವೀಕೃತ ಅನಿಲದಿಂದ ಓಡುವಂತೆಯೇ ಕಟ್ಟಲ್ಪಟ್ಟಿದೆ.

ಅದರ ಬೆನ್ನಿಗೇ ಕೋವಿಡ್ ಬಂದಿತು. ಹಳೆಯ ಹಡಗುಗಳನ್ನೇ ನಡೆಸುತ್ತಿದ್ದ ‘ಕ್ರೂಸ್ ಆಂಡ್ ಮ್ಯಾರಿಟೈಮ್ ವಾಯೇಜಸ್’ ಎಂಬ ಬ್ರಿಟಿಷ್ ಕಂಪನಿ 2020ರ ಜುಲೈಯಲ್ಲಿ ಕುಸಿಯಿತು. ಅದಕ್ಕೆ ಒಂದು ತಿಂಗಳ ಮೊದಲೇ, ನೌಕರರ ಕರಾರಿನ ಅವಧಿ ಮುಗಿದಿದ್ದರೂ ಅವರನ್ನು ಮನೆಗೆ ಕಳುಹಿಸದಿದ್ದುದರಿಂದ, ಅದರ ಐದು ಹಡಗುಗಳನ್ನು ಬ್ರಿಟನ್ನಿನ ಅಧಿಕಾರಿಗಳು ತಡೆಹಿಡಿದಿದ್ದರು. ಆ ನೌಕರರಲ್ಲಿ ಭಾರತೀಯರು ಅನೇಕರು. 1965ರಲ್ಲಿ ಸೋವಿಯತ್ ಒಕ್ಕೂಟಕ್ಕಾಗಿ ಕಟ್ಟಿದ್ದ ‘ಮಾರ್ಕೊ ಪೋಲೊ’, 1985ರ ‘ಮೆಗೆಲನ್’ ಇವೆರಡೂ ನಮ್ಮ ಗುಜರಾತಿನ ಅಲಂಗ್ ಕಡಲತೀರದಲ್ಲಿ ಕಬ್ಬಿಣದ ಚೂರುಗಳಾದವು.

ಕಿರಿದಕ್ಕೆ ತೆರೆಯುವ ಬಾಗಿಲುಗಳು

ಹಾಗಾದರೆ ಎಲ್ಲವೂ ಮುಗಿಯಿತೇ? ಇಲ್ಲ. ಗ್ರೀಸ್ ದೇಶದ ಕೊರಿಂಥ್ ಕಾಲುವೆಯನ್ನು ನಾನು ಭೂಪಟದಲ್ಲಿ ಎಷ್ಟೋ ಸಲ ತೋರಿಸಿದ್ದೇನೆ. 1893ರಲ್ಲಿ ಪೂರ್ಣಗೊಂಡ ಈ ಕಾಲುವೆಯ ಅಗಲ ನೀರಿನ ಮಟ್ಟದಲ್ಲಿ ಸುಮಾರು 24 ಮೀಟರ್ ಮಾತ್ರ. 2019ರ ಅಕ್ಟೋಬರಿನಲ್ಲಿ ‘ಬ್ರೇಮಾರ್’ ಎಂಬ ಇಂಗ್ಲಿಷ್ ಪ್ರಯಾಣಿಕರ ಮೆಚ್ಚಿನ ಹಡಗು ಇದರ ಮೂಲಕ ಹಾದುಹೋಯಿತು. ಹಡಗಿನ ಅಗಲ 22.5 ಮೀಟರ್! ಎರಡೂ ಬದಿಯ ಬಂಡೆಗಳು ಕೈಗೆ ಸಿಗುವಷ್ಟು ಹತ್ತಿರದಲ್ಲಿದ್ದವು. 195 ಮೀಟರ್ ಉದ್ದದ ಅದು ಆ ಕಾಲುವೆಯನ್ನು ದಾಟಿದ ಅತಿ ಉದ್ದದ ಹಡಗೆನಿಸಿತು. 1993ರಲ್ಲಿ ಸ್ಪೇನಿನಲ್ಲಿ ಕಟ್ಟಿದ, 24 ಸಾವಿರ ಟನ್ನಿನ, 2008ರಲ್ಲಿ ನಡುವೆ ಕತ್ತರಿಸಿ ಹೊಸ ತುಂಡು ಸೇರಿಸಿ ಉದ್ದ ಮಾಡಿದ ಹಡಗು ಅದು. ಅದರ ಹತ್ತು ಪಟ್ಟು ದೊಡ್ಡದಾದ ‘ಐಕನ್’ ಎಷ್ಟು ಹಣ ಸುರಿದರೂ ಆ ಒಂದು ದಿನದ ಅನುಭವವನ್ನು ಮಾರಲಾರದು.

ಇಂಥ ಬಾಗಿಲುಗಳು ಈಚೆಗೆ ಹೆಚ್ಚುತ್ತಿವೆ. ಇಟಲಿಯ ಸರಕಾರ 2021ರ ಆಗಸ್ಟ್ 1ರಿಂದ 25 ಸಾವಿರ ಟನ್ನಿಗೆ ಮೀರಿದ ಹಡಗುಗಳು ವೆನಿಸ್ ನಗರದ ನಡುವಣ ಜಲಮಾರ್ಗಕ್ಕೆ ಬರದಂತೆ ನಿಷೇಧಿಸಿತು. ಅಂಟಾರ್ಕ್ಟಿಕದಲ್ಲಿ ಐನೂರಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗು ಜನರನ್ನು ದಡಕ್ಕಿಳಿಸುವಂತಿಲ್ಲ; ಒಂದು ತಾಣದಲ್ಲಿ ಏಕಕಾಲಕ್ಕೆ ನೂರು ಮಂದಿಗಿಂತ ಹೆಚ್ಚು ಇಳಿಯುವಂತಿಲ್ಲ. ದೊಡ್ಡದಾಗಿರುವುದೇ ಅಲ್ಲಿ ಅನರ್ಹತೆ.

ನಮ್ಮ ಬಳಿಯಲ್ಲೇ ನೋಡಿರಿ. ನವಮಂಗಳೂರು ಬಂದರಿಗೆ ಬಂದುಹೋದ ‘ನಾಟಿಕಾ’ 30 ಸಾವಿರ ಟನ್ನಿನದು. 1998ರಿಂದ 2001ರೊಳಗೆ ಕಟ್ಟಿದ ಎಂಟು ಸೋದರಿ ನೌಕೆಗಳಲ್ಲಿ ಅದು ಒಂದು. ಅವನ್ನು ಕಟ್ಟಿಸಿದ ಕಂಪನಿ 2001ರಲ್ಲಿ ದಿವಾಳಿಯಾದರೂ ಹಡಗುಗಳು ದಿವಾಳಿಯಾಗಲಿಲ್ಲ. ಹೊಸ ಒಡೆಯರು ಅವನ್ನು ಕೊಂಡು, ಸಣ್ಣ ಬಂದರುಗಳಿಗೆ ದೀರ್ಘ ಯಾನ ಏರ್ಪಡಿಸಿ ಯಶಸ್ವಿಯಾದರು. ಹೀಗೆ ಬರುವ ಪ್ರಯಾಣಿಕರು ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನೂ ಕಾರ್ಕಳದ ಗೊಮ್ಮಟನನ್ನೂ ಕಂಡು ಸಂಜೆಗೆ ಹಿಂದಿರುಗುತ್ತಾರೆ. ಐದು ಸಾವಿರ ಜನ ಒಮ್ಮೆಲೇ ಇಳಿದರೆ ಬಸದಿಯ ಅಂಗಳದಲ್ಲಿ ನಿಲ್ಲುವುದಕ್ಕೂ ಎಡೆ ಸಾಲದು. ಮಂಗಳೂರಿನ ಹಳೇ ಬಂದರಿನಿಂದ ಅಕ್ಕಿ, ತರಕಾರಿ ಹೊತ್ತು ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳು ಇಂದಿಗೂ ಉಳಿದಿರುವುದು ಇದೇ ಕಾರಣದಿಂದ. ಹೋಗುವ ಸ್ಥಳ ಚಿಕ್ಕದಾದರೆ ಹೋಗುವ ಹಡಗೂ ಚಿಕ್ಕದಾಗಿರಲೇಬೇಕು.

ಆದರೆ ‘ಸಣ್ಣದು’ ಮತ್ತು ‘ಹಳೆಯದು’ ಎಂಬ ಎರಡು ಮಾತುಗಳನ್ನು ಬೆರೆಸಬಾರದು. 2022ರ ನವೆಂಬರಿನಲ್ಲಿ ಮಂಗಳೂರಿಗೆ ಬಂದ ‘ಯುರೋಪಾ 2’ ಸಣ್ಣದೇ, 42,830 ಟನ್. ಕಟ್ಟಿದ್ದು ಮಾತ್ರ 2013ರಲ್ಲಿ. ಟನ್ನುಗಳನ್ನು ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿದರೆ ತಲೆಗೆಷ್ಟು ಅವಕಾಶವೆಂದು ತಿಳಿಯುತ್ತದೆ. ‘ಬ್ರೇಮಾರ್’ನಲ್ಲಿ ಸುಮಾರು 26, ‘ಐಕನ್’ನಲ್ಲಿ 44, ‘ಯುರೋಪಾ 2’ರಲ್ಲಿ 83. ಅಂದರೆ ಸಿರಿವಂತರಿಗೆ ಏಕಾಂತವನ್ನು ಮಾರುವ ಹೊಸ ಕಿರುನೌಕೆಗಳೂ ಇವೆ. ಹಳೆಯ ಕಿರುನೌಕೆಗೆ ಮೇಲಿನಿಂದ ಇವುಗಳ ಪೈಪೋಟಿ, ಕೆಳಗಿನಿಂದ ಬೃಹನ್ನೌಕೆಗಳ ಪೈಪೋಟಿ.

‘ಬ್ರೇಮಾರ್’ನ ಮುಂದಿನ ಕಥೆಯನ್ನೂ ಹೇಳಬೇಕು. ಅದನ್ನು ಕೊಂಡ ಹೊಸ ಒಡೆಯರು ‘ವಿಲ್ಲಾ ವಿ ಒಡಿಸ್ಸಿ’ ಎಂದು ಹೆಸರಿಟ್ಟು, ವರ್ಷಗಟ್ಟಲೆ ಹಡಗಿನಲ್ಲೇ ವಾಸಿಸುತ್ತ ಲೋಕ ಸುತ್ತುವ ಯಾನ ಘೋಷಿಸಿದರು. 2024ರ ಮೇ ತಿಂಗಳಲ್ಲಿ ಬೆಲ್‌ಫಾಸ್ಟಿನಿಂದ ಹೊರಡಬೇಕಾಗಿದ್ದ ಹಡಗು ದುರಸ್ತಿಗಾಗಿ ನಾಲ್ಕು ತಿಂಗಳು ಅಲ್ಲಿಯೇ ನಿಂತಿತು. ಮನೆಮಾರು ಬಿಟ್ಟು ಬಂದ ಪ್ರಯಾಣಿಕರು ಊರಿನಲ್ಲಿ ಕಾಯಬೇಕಾಯಿತು. ಅಗ್ಗಕ್ಕೆ ಕೊಂಡ ಹಳೆಯ ಹಡಗು ದುರಸ್ತಿಯಲ್ಲಿ ತನ್ನ ಬೆಲೆ ಕೇಳುತ್ತದೆ.

ಒಂದೇ ವರ್ಷದ ಎರಡು ಹಡಗುಗಳು

1990ರಲ್ಲಿ ಇಟಲಿಯಲ್ಲಿ ಒಂದು, ಫ್ರಾನ್ಸಿನಲ್ಲಿ ಒಂದು ಹಡಗು ಸಿದ್ಧವಾದವು. ಎರಡೂ ಹೊರದೇಶಗಳಲ್ಲಿ ದುಡಿದು ಮುಪ್ಪಿನಲ್ಲಿ ಮುಂಬಯಿಗೆ ಬಂದವು. ಮೊದಲನೆಯದು 70 ಸಾವಿರ ಟನ್ನಿನ ‘ಕರ್ಣಿಕಾ’. 2019ರ ಏಪ್ರಿಲಿನಲ್ಲಿ ಯಾನ ಆರಂಭಿಸಿ, ಕೋವಿಡ್ಡಿನಿಂದ ನಿಂತು, 2020ರಲ್ಲೇ ಅಲಂಗ್ ತೀರ ಸೇರಿತು. ಎರಡನೆಯದು 48 ಸಾವಿರ ಟನ್ನಿನ ‘ಎಂಪ್ರೆಸ್’. 2021ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಹೊರಟು ಗೋವಾ, ಕೊಚ್ಚಿ, ಲಕ್ಷದ್ವೀಪಗಳ ಯಾನದಲ್ಲಿ ನೆಲೆಯೂರಿತು. ‘ಐಕನ್’ನಂಥ ಹಡಗಿಗೆ ಸುಮಾರು 200 ಕೋಟಿ ಡಾಲರು ಬೇಕು, ಅಷ್ಟು ಬಂಡವಾಳ ಹೂಡಿದವನು ಹೊಸ ಪೇಟೆಯಲ್ಲಿ ಅದೃಷ್ಟಪರೀಕ್ಷೆಗೆ ಇಳಿಯಲಾರ. ಹಳೆಯ ಹಡಗು ಇಳಿಯಬಲ್ಲದು. ಅದರ ಬಲವೂ ಅದುವೇ, ಅಪಾಯವೂ ಅದುವೇ; ಒಡೆಯನ ಕೈಯಲ್ಲಿ ಕಷ್ಟಕಾಲಕ್ಕೆ ಹಣ ಉಳಿದಿದ್ದರೆ ಮಾತ್ರ ಬದುಕುತ್ತದೆ.

ನಾನು ಕೊಟ್ಟ ಉತ್ತರ

ಎರಡು ವಾರಗಳ ಬಳಿಕ ಅವನಿಗೆ ಹೀಗೆ ಹೇಳಿದೆ: ಹಳೆಯ ಕಿರುನೌಕೆ ಬೃಹನ್ನೌಕೆಯ ಕೆಲಸವನ್ನೇ ಮಾಡಹೊರಟರೆ ಸೋಲುತ್ತದೆ. ಅದು ಹೋಗಲಾರದ ಕಡೆಗೆ ಹೋದರೆ, ದುರಸ್ತಿಯನ್ನು ಕಾಲಕಾಲಕ್ಕೆ ಮಾಡಿದರೆ, ಹಲವು ವರ್ಷ ನಡೆಯುತ್ತದೆ. ಆದುದರಿಂದ ಹಡಗನ್ನು ನೋಡುವ ಮೊದಲು ಒಡೆಯನನ್ನು ನೋಡು. ಆ ಹಡಗು ಯಾವ ದಾರಿಯಲ್ಲಿ ಓಡುತ್ತದೆ, ಕೊನೆಯ ಬಾರಿ ಡ್ರೈ ಡಾಕ್‌ಗೆ ಹೋದದ್ದು ಯಾವಾಗ, ಸಂಬಳ ತಿಂಗಳಿಗೆ ಸರಿಯಾಗಿ ಬಂದಿದೆಯೇ ಎಂಬುದನ್ನು ಅದರಲ್ಲಿ ದುಡಿದವರಿಂದ ಕೇಳು.

ಹಡಗಿಗೆ ಮಕ್ಕಳನ್ನು ಕಳುಹಿಸುವ ತಾಯಿತಂದೆಯರಿಗೂ ಒಂದು ಮಾತು. ನೌಕರರನ್ನು ಸೇರಿಸುವ ಸಂಸ್ಥೆಗೆ ಕೇಂದ್ರ ಸರಕಾರದ ನೌಕಾಯಾನ ಮಹಾನಿರ್ದೇಶನಾಲಯದ ಪರವಾನಗಿ ಇರಲೇಬೇಕು. ಕೆಲಸ ಕೊಡಿಸುವುದಕ್ಕಾಗಿ ನಾವಿಕನಿಂದ ಹಣ ಕೇಳುವುದು ನಿಯಮಬಾಹಿರ. ಭಾರತವು 2015ರಲ್ಲಿ ಅಂಗೀಕರಿಸಿದ ಅಂತಾರಾಷ್ಟ್ರೀಯ ನಾವಿಕ ಕಾರ್ಮಿಕ ಒಡಂಬಡಿಕೆಯಂತೆ, ಒಡೆಯ ಕೈಬಿಟ್ಟರೆ ನಾಲ್ಕು ತಿಂಗಳವರೆಗಿನ ಬಾಕಿ ಸಂಬಳಕ್ಕೂ ಊರಿಗೆ ಮರಳುವ ವೆಚ್ಚಕ್ಕೂ ಹಣದ ಭದ್ರತೆ ಇರತಕ್ಕದ್ದು. ಆ ಪ್ರಮಾಣಪತ್ರವನ್ನು ಹಡಗಿನಲ್ಲಿ ಎಲ್ಲರಿಗೂ ಕಾಣುವಂತೆ ತೂಗುಹಾಕಿರುತ್ತಾರೆ. ಹತ್ತಿದ ದಿನವೇ ಅದನ್ನು ಓದಬೇಕು. ಕರಾರಿನ ಪ್ರತಿಯೊಂದನ್ನು ಮನೆಯಲ್ಲಿಯೂ ಇಡಬೇಕು.

ಅವನು ಎಲ್ಲವನ್ನೂ ಕೇಳಿ ಕೊನೆಗೆ ದೊಡ್ಡ ಹಡಗನ್ನೇ ಆರಿಸಿಕೊಂಡ. “ಸಣ್ಣದರ ಮೇಲೆ ಮನಸ್ಸಿದೆ ಮಾಷ್ಟ್ರೇ, ಆದರೆ ಸಾಲ ತೀರುವವರೆಗೆ ದೊಡ್ಡದರಲ್ಲೇ ಇರುತ್ತೇನೆ” ಎಂದ. ನಾನು ಸರಿಯೆಂದೆ. ಹೊರಡುವಾಗ ಗೇಟಿನ ಬಳಿ ನಿಂತು, “ನಮ್ಮ ಶಾಲೆಯೂ ಸಣ್ಣ ಹಡಗೇ ಅಲ್ಲವೇ?” ಎಂದು ನಕ್ಕ. ಶಾಲೆಯ ಲೆಕ್ಕ ಬೇರೆಯೆಂದು ನನ್ನ ನಂಬಿಕೆ. ಅದನ್ನು ಬರೆಯುವ ಹೊಣೆಯನ್ನು ಈ ಸಂಚಿಕೆಯ ಬೇರೆ ಲೇಖಕರಿಗೆ ಬಿಡುತ್ತೇನೆ.

ಈ ಬರಹದಲ್ಲಿ ದೋಷಗಳಿದ್ದರೆ ಸಮುದ್ರವನ್ನು ಕಂಡರಿತ ನಮ್ಮ ಹಳೆಯ ವಿದ್ಯಾರ್ಥಿಗಳು ತಿದ್ದಬೇಕೆಂದು ವಿನಂತಿ. ಹಡಗು ಯಾವುದೇ ಇರಲಿ, ಅದರಲ್ಲಿರುವ ನಮ್ಮ ಮಕ್ಕಳೆಲ್ಲ ಕ್ಷೇಮವಾಗಿ ದಡ ಸೇರಲಿ ಎಂದು ಹಾರೈಸುತ್ತೇನೆ.