ಪ್ರಾರ್ಥಿಸಿದ ಕಪ್ತಾನ ದಂಧೆ ಬಿಟ್ಟದ್ದು ಯಾವಾಗ?

ಪ್ರಶ್ನೆ: ‘ಅಮೇಜಿಂಗ್ ಗ್ರೇಸ್’ ಸ್ತುತಿಗೀತೆ ಬರೆದ ಜಾನ್ ನ್ಯೂಟನ್ ದೇವರ ಕಡೆ ತಿರುಗಿದ ಕೂಡಲೇ ಗುಲಾಮರ ವ್ಯಾಪಾರ ಬಿಟ್ಟನೇ?

ಉತ್ತರ: ಇಲ್ಲ.

1748ರ ಮಾರ್ಚ್‌ನಲ್ಲಿ ಅಟ್ಲಾಂಟಿಕ್ ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ ಗಂಟೆಗಟ್ಟಲೆ ಪಂಪು ಒತ್ತಿ ನೀರು ಹೊರಹಾಕುತ್ತ ಆತ ದೇವರ ಮೊರೆಹೊಕ್ಕದ್ದು ನಿಜ. ಬಾಯಿಂದ ಬೈಗುಳ ಹೋಯಿತು; ದಂಧೆ ಹೋಗಲಿಲ್ಲ. ಗುಲಾಮರ ಹಡಗಿಗೆ ಕಪ್ತಾನನಾದದ್ದೇ ಆಮೇಲೆ! ಭಾನುವಾರ ಮೇಲೆ ನಾವಿಕರಿಗೆ ಆರಾಧನೆ, ಕೆಳಗೆ ಸಂಕೋಲೆಯಲ್ಲಿ ಆಫ್ರಿಕನ್ನರು. 1754ರಲ್ಲಿ ಸಮುದ್ರ ಬಿಡಿಸಿದ್ದು ಕಾಯಿಲೆ, ಆತ್ಮಸಾಕ್ಷಿಯಲ್ಲ.

ಯೋಹಾನನ ಸುವಾರ್ತೆಯ 8ನೇ ಅಧ್ಯಾಯದಲ್ಲಿ ಯೇಸು ಬಿಡುಗಡೆಯ ಮಾತಾಡುವುದು ತನ್ನ ವಾಕ್ಯದಲ್ಲಿ ನೆಲೆನಿಂತ ಶಿಷ್ಯರ ಬಗ್ಗೆ. ನ್ಯೂಟನ್‌ಗೆ ಆ ನೆಲೆ ಸಿಗಲು ದಶಕಗಳೇ ಹಿಡಿದವು. 1764ರಲ್ಲಿ ಪಾದ್ರಿಯಾದರೂ 1788ರಲ್ಲಷ್ಟೇ ಕಿರುಹೊತ್ತಗೆಯೊಂದರಲ್ಲಿ ಕಣ್ಣಾರೆ ಕಂಡ ಕ್ರೌರ್ಯವನ್ನೂ ತನ್ನ ಪಾಲನ್ನೂ ಬಯಲುಮಾಡಿದ. ಬ್ರಿಟಿಷ್ ಸಂಸತ್ತು ಗುಲಾಮರ ವ್ಯಾಪಾರ ನಿಷೇಧಿಸಿದ 1807ರ ಡಿಸೆಂಬರ್‌ನಲ್ಲಿ ತೀರಿಕೊಂಡ.